ಓಡುವ ಇಂಡಿಕೇಟರಿನ ನೂರು ವರ್ಷ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ರಾತ್ರಿ ಹೊತ್ತು ಹೋಗುವವರಿಗೆ ಈಗ ಹೊಸ ಬಗೆಯ ಇಂಡಿಕೇಟರ್ ಆಗಾಗ ಕಾಣಿಸುತ್ತದೆ. ಉಣಕಲ್ಲಿನ ಹತ್ತಿರ ಮುಂದಿನ ಕಾರು ತಿರುಗುವಾಗ ಅದರ ಕಿತ್ತಳೆ ಬೆಳಕು ಬರಿದೆ ಹೊತ್ತಿ ಆರುವುದಿಲ್ಲ. ದೀಪದ ಒಳ ಅಂಚಿನಲ್ಲಿ ಹುಟ್ಟಿ, ಹೊರ ಅಂಚಿನವರೆಗೆ ಓಡಿ, ಪೂರ್ತಿ ತುಂಬಿಕೊಂಡ ಮೇಲೆ ಆರುತ್ತದೆ. ಕೆಲವು ವರ್ಷಗಳ ಹಿಂದೆ ದುಬಾರಿ ಕಾರುಗಳಲ್ಲಷ್ಟೇ ಇದ್ದ ಈ ವ್ಯವಸ್ಥೆ ಮಧ್ಯಮ ದರದ ಕಾರುಗಳಿಗೂ ಬಂದಿದೆ. ಹಳೆಯ ಕಾರಿನ ಹೆಡ್‌ಲೈಟ್ ಬಿಚ್ಚಿಸಿ ಒಳಗೆ ಎಲ್‌ಇಡಿ ಪಟ್ಟಿ ಕೂರಿಸಿಕೊಳ್ಳುವವರೂ ಇದ್ದಾರೆ. ಇದೆಲ್ಲ ಶೋಕಿ ಎಂದು ಹಲವರು ತಳ್ಳಿಹಾಕುತ್ತಾರೆ. ನಾನು ಹಾಗೆ ತಿಳಿದಿಲ್ಲ. ವಾಹನವೊಂದು ತಾನು ತಿರುಗುವ ದಿಕ್ಕನ್ನು ಚಲನೆಯಿಂದಲೇ ತೋರಿಸುತ್ತಿದ್ದ ಕಾಲವಿತ್ತು. ಮಿನುಗುವ ದೀಪ ಬಂದಾಗ ಆ ಚಲನೆ ಕಳೆದುಹೋಯಿತು. ಅದನ್ನು ಸರಿಯಾಗಿ ಮರಳಿ ತರಲು ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಆರಂಭದ ಮೋಟಾರು ಕಾರುಗಳಲ್ಲಿ ಚಾಲಕರ ಕೈಯೇ ಇಂಡಿಕೇಟರ್. ನಮ್ಮಲ್ಲಿ ಸ್ಟಿಯರಿಂಗ್ ಬಲಕ್ಕಿರುವುದರಿಂದ ಬಲಗೈಯನ್ನು ನೇರವಾಗಿ ಹೊರಗೆ ಚಾಚಿದರೆ ಬಲಕ್ಕೆ ತಿರುವು, ಅದೇ ಕೈಯನ್ನು ಸುತ್ತಿಸಿದರೆ ಎಡಕ್ಕೆ. ಚೆನ್ನಮ್ಮ ವೃತ್ತದ ದಟ್ಟಣೆಯಲ್ಲಿ ಆಟೋ ಚಾಲಕರು, ಸೈಕಲ್ ಸವಾರರು ಇಂದಿಗೂ ಕೈ ಚಾಚುತ್ತಾರೆ. ಕೈ ಹೊರಗೆ ಬರುವ ಚಲನೆ ಹಿಂದಿನವರ ಕಣ್ಣನ್ನು ಸೆಳೆಯುತ್ತದೆ, ಎತ್ತ ಚಾಚಿತೋ ಅತ್ತ ಎಂಬುದು ಯಾರೂ ಕಲಿಸದೆ ತಿಳಿಯುತ್ತದೆ.

ಕೈಯ ಬದಲು ಯಂತ್ರ ತರುವ ಪ್ರಯತ್ನಗಳಲ್ಲಿ ಹೆಚ್ಚು ನೆನಪಾಗುವ ಹೆಸರು ಮೂಕಿ ಚಿತ್ರಗಳ ನಟಿ ಫ್ಲಾರೆನ್ಸ್ ಲಾರೆನ್ಸ್ ಅವರದು. 1914ರ ಸುಮಾರಿಗೆ ಅವರು ಗುಂಡಿ ಒತ್ತಿದರೆ ಕಾರಿನ ಹಿಂಬದಿಯಲ್ಲಿ ಮೇಲೇಳುವ ಸೂಚನಾ ತೋಳನ್ನು ರೂಪಿಸಿದರು. ಆದರೆ ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. ಯುರೋಪಿನಲ್ಲಿ ಮುಂದೆ ಬಳಕೆಗೆ ಬಂದದ್ದು ಟ್ರಾಫಿಕೇಟರ್. ಕಾರಿನ ಬದಿಯ ಕಂಬದೊಳಗೆ ಅಡಗಿರುವ ಸಣ್ಣ ತೋಳು ವಿದ್ಯುತ್ ಹರಿದಾಗ ರೈಲ್ವೆ ಕೈಮರದಂತೆ ಎದ್ದು ನಿಲ್ಲುತ್ತಿತ್ತು, ಅದರೊಳಗೊಂದು ಪುಟ್ಟ ಬಲ್ಬು ಉರಿಯುತ್ತಿತ್ತು. ಫೋಕ್ಸ್‌ವ್ಯಾಗನ್ ಬೀಟಲ್‌ನ ಹಳೆಯ ಮಾದರಿಗಳಲ್ಲಿ ಇದಿತ್ತು. ನಮ್ಮಲ್ಲಿ ಬೇಬಿ ಹಿಂದೂಸ್ತಾನ್ ಎಂದು ಹೆಸರಾದ ಕಾರಿಗೆ ಮೂಲವಾದ ಬ್ರಿಟನ್ನಿನ ಮಾರಿಸ್ ಮೈನರ್‌ನಲ್ಲೂ ಇತ್ತು. ತೋಳಿನ ದೋಷಗಳು ಕಡಿಮೆ ಇರಲಿಲ್ಲ: ದೂಳು ಕೂತರೆ ಬಿಗಿದುಕೊಳ್ಳುತ್ತಿತ್ತು, ಒಳಗಿನ ಬಲ್ಬಿನ ಬೆಳಕು ಮಂದವಾಗಿತ್ತು, ಬದಿಯಲ್ಲಿ ಹಾದವರು ತಗುಲಿದರೆ ಮುರಿಯುತ್ತಿತ್ತು.

ಮಿನುಗುವ ದೀಪದ ಕಲ್ಪನೆಯೂ ಅದೇ ಕಾಲದ್ದು. 1925ರಲ್ಲಿ ಅಮೆರಿಕದ ಎಡ್ಗರ್ ವಾಲ್ಜ್ ಇದಕ್ಕೆ ಪೇಟೆಂಟ್ ಪಡೆದರೂ ಕಾರು ಕಂಪನಿಗಳು ಒಲವು ತೋರಲಿಲ್ಲ. 1939ರಲ್ಲಿ ಬ್ಯೂಕ್ ಕಂಪನಿ ಹಿಂಬದಿಗೆ ಮಿನುಗುವ ಇಂಡಿಕೇಟರನ್ನು ಕಾರ್ಖಾನೆಯಿಂದಲೇ ಅಳವಡಿಸಿ ಕೊಟ್ಟಿತು. ಮರುವರ್ಷ ಅದು ಮುಂಭಾಗಕ್ಕೂ ಬಂತು, ತಿರುವು ಮುಗಿದ ಮೇಲೆ ತಾನೇ ಆರುವ ಏರ್ಪಾಡೂ ಸೇರಿತು. ಮಿನುಗಿಸುವ ಕೆಲಸ ಫ್ಲ್ಯಾಶರ್ ಎಂಬ ಸಣ್ಣ ಡಬ್ಬಿಯದು. ಅದರೊಳಗೆ ಎರಡು ಲೋಹಗಳನ್ನು ಬೆಸೆದ ಪಟ್ಟಿಯಿರುತ್ತದೆ. ಕರೆಂಟ್ ಹರಿದಂತೆ ಪಟ್ಟಿ ಕಾಯ್ದು ಬಾಗುತ್ತದೆ, ಸಂಪರ್ಕ ತಪ್ಪುತ್ತದೆ, ತಣಿದಾಗ ಮತ್ತೆ ಕೂಡುತ್ತದೆ. ಹಳೆಯ ಕಾರುಗಳ ಟಿಕ್ ಟಿಕ್ ಸದ್ದು ಇದರದ್ದೇ. ಒಂದು ಬಲ್ಬು ಹೋದರೆ ಕರೆಂಟ್ ಬದಲಾಗಿ ಮಿನುಗುವ ಲಯವೇ ಕೆಡುತ್ತಿತ್ತು, ಚಾಲಕರಿಗೆ ಅದು ಎಚ್ಚರಿಕೆಯೂ ಆಗುತ್ತಿತ್ತು. ಇಷ್ಟು ಅಗ್ಗದ, ಇಷ್ಟು ಗಟ್ಟಿಯಾದ ಸಾಧನದ ಮುಂದೆ ತೋಳು ಉಳಿಯುವುದು ಸಾಧ್ಯವಿರಲಿಲ್ಲ.

ಆದರೆ ಮಿನುಗುವ ಬೆಳಕಿಗೆ ತನ್ನದೇ ದಿಕ್ಕಿಲ್ಲ. ವಾಹನದ ಎರಡೂ ಬದಿ ಕಂಡಾಗ ಮಾತ್ರ ಅದು ಎಡವೋ ಬಲವೋ ಎಂದು ತಿಳಿಯುತ್ತದೆ. ಅಂಗಡಿಯ ಮುಂದೆ ನಿಂತ ಲಾರಿಯೊಂದು ಮುಂದಿನ ಕಾರಿನ ಅರ್ಧ ಭಾಗವನ್ನು ಮರೆಮಾಡಿದರೆ ಕಾಣುವುದು ಮಿನುಗುವ ಒಂದು ಚುಕ್ಕೆ ಮಾತ್ರ. ಕಾರು ತಿರುಗುತ್ತಿದೆಯೇ, ನಾಲ್ಕೂ ದೀಪ ಹಾಕಿಕೊಂಡು ಕೆಟ್ಟು ನಿಂತಿದೆಯೇ ಎಂದು ಆ ಚುಕ್ಕೆ ಹೇಳಲಾರದು.

ಈ ಕೊರತೆಯನ್ನು ತುಂಬುವ ಮೊದಲ ದೊಡ್ಡ ಯತ್ನ ಫೋರ್ಡ್ ಕಂಪನಿಯ ಥಂಡರ್‌ಬರ್ಡ್ ಕಾರಿನಲ್ಲಿ ಆಯಿತು. 1964ರ ಮಾದರಿಗೇ ಓಡುವ ಇಂಡಿಕೇಟರ್ ಕೊಡುವ ಯೋಜನೆಯಿತ್ತು. ಅಮೆರಿಕದ ರಾಜ್ಯಗಳ ದೀಪದ ಕಾನೂನುಗಳು ಅಡ್ಡಬಂದು ಅದು 1965ರ ಮಾದರಿಗೆ ಮುಂದಕ್ಕೆ ಹೋಯಿತು. ಹಿಂಬದಿಯ ದೀಪದಲ್ಲಿ ಮೂರು ವಿಭಾಗ. ಸಣ್ಣ ಮೋಟಾರೊಂದು ತಿರುಗಿ ಮೂರು ಸ್ವಿಚ್ಚುಗಳನ್ನು ಒಂದಾದ ಮೇಲೊಂದು ಒತ್ತುತ್ತಿತ್ತು. 1967ರಲ್ಲಿ ಮರ್ಕ್ಯುರಿ ಕೂಗರ್ ಕಾರಿಗೂ ಇದು ಬಂತು. ನೋಡಲು ಬೆರಗು ಹುಟ್ಟಿಸುವಂತಿದ್ದರೂ ಅಂದಿನ ಬಲ್ಬು ಇದಕ್ಕೆ ತಕ್ಕ ಸಾಧನವಾಗಿರಲಿಲ್ಲ.

1912ರಲ್ಲಿಯೇ ಮನೋವಿಜ್ಞಾನಿ ಮ್ಯಾಕ್ಸ್ ವರ್ತೈಮರ್ ಅಕ್ಕಪಕ್ಕದ ಎರಡು ಬೆಳಕುಗಳನ್ನು ಒಂದಾದ ಮೇಲೊಂದು ತೋರಿಸಿ ಪರೀಕ್ಷಿಸಿದ್ದರು. ನಡುವಿನ ಅಂತರ ಸುಮಾರು 200 ಮಿಲಿಸೆಕೆಂಡ್ ಇದ್ದರೆ ಎರಡು ಬೇರೆ ಬೆಳಕುಗಳು ಸರದಿಯಲ್ಲಿ ಹೊತ್ತಿದಂತೆ ಕಾಣುತ್ತದೆ. 30ಕ್ಕೆ ಇಳಿಸಿದರೆ ಎರಡೂ ಒಟ್ಟಿಗೆ ಹೊತ್ತಿದಂತೆ. 60ರ ಆಸುಪಾಸಿನಲ್ಲಿ ಒಂದೇ ಬೆಳಕು ಅಲ್ಲಿಂದ ಇಲ್ಲಿಗೆ ಸರಿದಂತೆ. ಅಂದರೆ ಕಣ್ಣಿಗೆ ಓಟ ಕಾಣಬೇಕಾದರೆ ಬೆಳಕುಗಳು ಬಹಳ ಬೇಗ ಹೊತ್ತಿಕೊಳ್ಳಬೇಕು. ತಂತಿಯ ಬಲ್ಬು ಕಾಯ್ದು ಪೂರ್ಣ ಪ್ರಕಾಶಕ್ಕೆ ಬರಲು ತಾನೇ ಸುಮಾರು 200 ಮಿಲಿಸೆಕೆಂಡ್ ಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹಿಂದಿನಿಂದ ಬರುವ ವಾಹನ ಅಷ್ಟರಲ್ಲಿ ಮೂರು ಮೀಟರಿಗಿಂತ ಹೆಚ್ಚು ಮುಂದೆ ಬಂದಿರುತ್ತದೆ. ಎಲ್‌ಇಡಿಗೆ ಒಂದು ಮಿಲಿಸೆಕೆಂಡೂ ಬೇಡ. ಓಡುವ ಇಂಡಿಕೇಟರ್ ಐವತ್ತು ವರ್ಷ ಕಾದದ್ದು ಈ ದೀಪಕ್ಕಾಗಿ.

ಆಡಿ ಕಂಪನಿ 2012ರಲ್ಲಿ ಪರಿಷ್ಕರಿಸಿದ ಆರ್8 ಕಾರಿನ ಹಿಂಬದಿಗೆ ಓಡುವ ಇಂಡಿಕೇಟರ್ ಕೊಟ್ಟಿತು, 2013ರ ಎ8 ಕಾರಿನ ಹೆಡ್‌ಲೈಟಿಗೂ ತಂದಿತು. ಉಳಿದ ಕಂಪನಿಗಳು ಹಿಂಬಾಲಿಸಿದವು. ಇಲ್ಲಿಂದ ಮುಂದಿನ ಕಥೆಯಲ್ಲಿ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ವಿಶ್ವಸಂಸ್ಥೆಯ ವಾಹನ ದೀಪಗಳ 6ನೇ ನಿಯಮಾವಳಿ ಹಾಕಿದ ಷರತ್ತುಗಳು. ಬೆಳಕು ಒಳಗಿನಿಂದ ಹೊರಕ್ಕೇ ಓಡಬೇಕು. ಒಮ್ಮೆ ಹೊತ್ತಿದ ಭಾಗ ಆ ಸುತ್ತು ಮುಗಿಯುವವರೆಗೆ ಆರಬಾರದು. ಮೇಲೆ ಕೆಳಗೆ ಕುಣಿಯಬಾರದು. ದೀಪದ ಆಕಾರ ಎತ್ತರಕ್ಕಿಂತ ಕನಿಷ್ಠ 1.7 ಪಟ್ಟು ಅಗಲವಾಗಿರಬೇಕು. ಇಡೀ ಓಟ 200 ಮಿಲಿಸೆಕೆಂಡಿನೊಳಗೆ ಮುಗಿಯಬೇಕು. ಕೊನೆಯ ಷರತ್ತಿನಲ್ಲಿ ದೊಡ್ಡ ವಿವೇಕವಿದೆ: ಎಲ್‌ಇಡಿಯ ಓಟ ಎಷ್ಟೇ ನಿಧಾನವಾದರೂ, ಹಳೆಯ ಬಲ್ಬು ಪೂರ್ತಿ ಹೊತ್ತಿಕೊಳ್ಳಲು ತೆಗೆದುಕೊಳ್ಳುತ್ತಿದ್ದ ಹೊತ್ತನ್ನು ಅದು ಮೀರುವುದಿಲ್ಲ. ಹೊಸತನಕ್ಕಾಗಿ ಸುರಕ್ಷತೆ ಬಿಟ್ಟುಕೊಟ್ಟಿಲ್ಲ.

ಲೆಕ್ಕ ಹಾಕಿದರೆ ವಿನ್ಯಾಸಕರ ಇಕ್ಕಟ್ಟು ತಿಳಿಯುತ್ತದೆ. ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 102ನೇ ನಿಯಮದಂತೆ ಇಂಡಿಕೇಟರ್ ಕಿತ್ತಳೆ ಬಣ್ಣದ್ದಾಗಿರಬೇಕು, ನಿಮಿಷಕ್ಕೆ 60ಕ್ಕಿಂತ ಕಡಿಮೆಯಿಲ್ಲದೆ 120ಕ್ಕಿಂತ ಹೆಚ್ಚಿಲ್ಲದೆ ಮಿನುಗಬೇಕು. ನಡುವಿನ 90 ಎಂದು ಹಿಡಿದರೆ ಒಂದು ಸುತ್ತಿಗೆ 667 ಮಿಲಿಸೆಕೆಂಡ್, ಅದರಲ್ಲಿ ದೀಪ ಉರಿಯುವುದು ಅರ್ಧದಷ್ಟು. 200 ಮಿಲಿಸೆಕೆಂಡಿನ ಓಟದಲ್ಲಿ ಹತ್ತು ವಿಭಾಗಗಳ ದೀಪದ ಪ್ರತಿ ವಿಭಾಗಕ್ಕೆ 20 ಮಿಲಿಸೆಕೆಂಡ್ ಸಿಗುತ್ತದೆ. ಓಟ ಮುಗಿದ ಮೇಲೆ ಇಡೀ ದೀಪ ತುಂಬಿ ನಿಲ್ಲಲು ಉಳಿಯುವುದು ಸುಮಾರು 130. ಈ ತುಂಬಿದ ಹೊತ್ತು ಬಹಳ ಮುಖ್ಯ, ದೂರದವರಿಗೆ ದೀಪ ಕಾಣುವುದೇ ಆಗ.

ಹೆಡ್‌ಲೈಟಿನೊಳಗಿನ ಇಂಡಿಕೇಟರಿಗೆ ಇನ್ನೊಂದು ಕಷ್ಟವಿದೆ. ಪಕ್ಕದಲ್ಲೇ ಹೆಡ್‌ಲೈಟ್ ಉರಿಯುತ್ತಿರುವಾಗ ಅದರ ಪ್ರಭೆಯಲ್ಲಿ ಕಿತ್ತಳೆ ಬೆಳಕು ಮುಳುಗಿಹೋಗುತ್ತದೆ. ಆದ್ದರಿಂದ ವಿಶ್ವಸಂಸ್ಥೆಯ ನಿಯಮ ಇವೆರಡರ ಅಂತರ 40 ಮಿಲಿಮೀಟರ್ ಅಥವಾ ಹೆಚ್ಚಿದ್ದರೆ ಕನಿಷ್ಠ 175 ಕ್ಯಾಂಡೆಲಾ ಪ್ರಖರತೆ ಸಾಕೆನ್ನುತ್ತದೆ, 20ಕ್ಕಿಂತ ಕಡಿಮೆಯಾದರೆ 400 ಕೇಳುತ್ತದೆ. ಕಿತ್ತಳೆ ಎಲ್‌ಇಡಿಯ ಸ್ವಭಾವವೂ ಸಹಕರಿಸುವುದಿಲ್ಲ, ಬಿಸಿ ಏರಿದಂತೆ ಅದರ ಬೆಳಕು ಇತರ ಬಣ್ಣಗಳಿಗಿಂತ ಬೇಗ ಕುಗ್ಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಗದಗಿನ ಬಿಸಿಲಿಗೆ ನಿಂತ ಕಾರಿನ ಹೆಡ್‌ಲೈಟ್ ಒಳಗೆ, ಎಂಜಿನ್ನಿನ ಪಕ್ಕದಲ್ಲಿ, ಎಷ್ಟು ಕಾವಿರುತ್ತದೆ ಎಂದು ಊಹಿಸಿದರೆ ಸಾಕು. ಕಾರ್ಖಾನೆಯ ದೀಪಗಳಲ್ಲಿ ಕಾವು ಹೊರಹಾಕುವ ಅಲ್ಯೂಮಿನಿಯಂ ಭಾಗಗಳಿಗೆ ಅಷ್ಟು ಜಾಗ ಕೊಡುವುದು ಇದಕ್ಕೇ.

ನಮ್ಮ ರಸ್ತೆಗಳಲ್ಲಿ ಈ ಓಟದಿಂದ ಲಾಭವಿದೆಯೇ? ಇದೆ ಎಂಬುದು ನನ್ನ ನಂಬಿಕೆ. ಸಂಜೆ ಹುಬ್ಬಳ್ಳಿಯಿಂದ ಗದಗಿಗೆ ಹೊರಟರೆ ಸೂರ್ಯ ಬೆನ್ನಿಗಿರುತ್ತಾನೆ. ಆ ಬಿಸಿಲು ಮುಂದಿನ ವಾಹನದ ಹಿಂದೀಪಗಳಿಗೆ ನೇರ ಬಡಿದು, ಒಳಗಿನ ಹೊಳಪಿನಿಂದ ಚಿಮ್ಮಿ, ಆರಿದ ದೀಪವೂ ಹೊತ್ತಿದಂತೆ ತೋರುತ್ತದೆ. ಅಂಥ ಹೊತ್ತಿನಲ್ಲಿ ನಿಂತಲ್ಲೇ ಮಿನುಗುವ ಬೆಳಕಿಗಿಂತ ಸರಿಯುವ ಬೆಳಕು ಬೇಗ ಗುರುತಾಗುತ್ತದೆ. ಕಣ್ಣಂಚಿನ ನೋಟಕ್ಕೆ ಬಣ್ಣ, ಆಕಾರಗಳಿಗಿಂತ ಚಲನೆಯೇ ಹೆಚ್ಚು ಗೋಚರ. ಎರೆಮಣ್ಣಿನ ದೂಳು ಕೂತ ದೀಪದಲ್ಲಿ ಅರ್ಧ ಭಾಗ ಮಾತ್ರ ಕಂಡರೂ ಓಟದ ದಿಕ್ಕು ತಿಳಿಯುತ್ತದೆ.

ಇನ್ನೊಂದು ಗೊಂದಲಕ್ಕೆ ಮಾತ್ರ ಯಾವ ದೀಪವೂ ಪರಿಹಾರವಲ್ಲ. ಬಹುಕಾಲ ಎರಡೇ ಪಥಗಳಿದ್ದ ಹುಬ್ಬಳ್ಳಿ–ಧಾರವಾಡ ಬೈಪಾಸಿನಂಥ ರಸ್ತೆಗಳಲ್ಲಿ ಲಾರಿಯ ಇಂಡಿಕೇಟರಿಗೆ ಎರಡು ಅರ್ಥ: ತಾನು ತಿರುಗುತ್ತೇನೆ ಎಂಬುದು ಒಂದು, ಹಿಂದಿನವರು ದಾಟಿಹೋಗಬಹುದು ಎಂಬುದು ಇನ್ನೊಂದು. ಕೆಲವರು ಅದಕ್ಕೆ ಬಲಗಡೆಯದನ್ನು ಹಾಕುತ್ತಾರೆ, ಕೆಲವರು ಎಡಗಡೆಯದನ್ನು. ತಪ್ಪಾಗಿ ಓದಿಕೊಂಡವರು ಎದುರಿನ ವಾಹನಕ್ಕೆ ಮುಖಾಮುಖಿಯಾಗುತ್ತಾರೆ. ವೃತ್ತದಲ್ಲಿ ನೇರ ಹೋಗಲು ನಾಲ್ಕೂ ಇಂಡಿಕೇಟರ್ ಹಾಕುವ ರೂಢಿಯೂ ಅಷ್ಟೇ ಅಪಾಯಕಾರಿ, ಒಂದು ಬದಿ ಮಾತ್ರ ಕಾಣುವವರಿಗೆ ಅದು ತಿರುವಿನ ಸೂಚನೆಯೇ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಹೊತ್ತು ರಾತ್ರಿ ಸಾಗುವ ಟ್ರ್ಯಾಕ್ಟರ್ ಟ್ರೇಲರುಗಳಲ್ಲಿ ಇಂಡಿಕೇಟರೇ ಇಲ್ಲದವು ಎಷ್ಟೋ. ಓಡುವ ಬೆಳಕಿಗೆ ತಲೆ ಕೆಡಿಸಿಕೊಳ್ಳುವ ನಮ್ಮ ತರುಣ ಎಂಜಿನಿಯರುಗಳು ದೂಳು, ಕುಲುಕಾಟ ತಾಳುವ ಅಗ್ಗದ ಟ್ರೇಲರ್ ದೀಪಕ್ಕೂ ಅಷ್ಟೇ ಮನಸ್ಸು ಕೊಡಲಿ ಎಂದು ಬಯಸುತ್ತೇನೆ.

ಈಗ ಗ್ಯಾರೇಜಿನ ಮಾತು. ಹಳೆಯ ಕಾರಿಗೆ ಓಡುವ ಇಂಡಿಕೇಟರ್ ಹಾಕಲು ಹೆಡ್‌ಲೈಟನ್ನು ಕಾಯಿಸಿ, ಅಂಟು ಮೆದುವಾಗಿಸಿ, ಮುಂದಿನ ಪಾರದರ್ಶಕ ಕವರ್ ಬಿಡಿಸುತ್ತಾರೆ. ಮತ್ತೆ ಅಂಟಿಸುವಾಗ ಸ್ವಲ್ಪ ಸಂದು ಉಳಿದರೂ ಮೊದಲ ಮಳೆಗೇ ಒಳಗೆ ತೇವ ಹಬ್ಬುತ್ತದೆ. ಪಟ್ಟಿಗಳಲ್ಲಿ ಹೆಚ್ಚಾಗಿ ಬಳಕೆಯಾಗುವುದು ಡಬ್ಲ್ಯೂಎಸ್2812 ಜಾತಿಯ, ಪ್ರತಿ ದೀಪವನ್ನೂ ಬೇರೆಯಾಗಿ ಆಳಬಹುದಾದ ಎಲ್‌ಇಡಿ. 5 ವೋಲ್ಟ್, ಅರ್ಥ್, ಮಾಹಿತಿ ಎಂದು ಮೂರೇ ತಂತಿ. ಕಲಿಯಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ, ಮನೆಯ ಮೇಜಿನ ಮೇಲೆ ಒಂದೇ ಸಂಜೆಯಲ್ಲಿ ಓಟ ಮೂಡಿಸಬಹುದು. ರಸ್ತೆಗೆ ಮಾತ್ರ ಇದು ಸಲ್ಲುವುದಿಲ್ಲ. ಮಾಹಿತಿ ಒಂದು ದೀಪದಿಂದ ಇನ್ನೊಂದಕ್ಕೆ ದಾಟುತ್ತ ಹೋಗುವುದರಿಂದ ನಡುವಿನದೊಂದು ಸತ್ತರೆ ಅದರಾಚೆಯವೆಲ್ಲ ಕುರುಡಾಗುತ್ತವೆ, ಓಟ ಅರ್ಧಕ್ಕೇ ನಿಲ್ಲುತ್ತದೆ. ಕೆಂಪು, ಹಸಿರು ಬೆರೆಸಿ ಮಾಡಿದ ಕಿತ್ತಳೆ ನಿಜವಾದ ಕಿತ್ತಳೆ ಎಲ್‌ಇಡಿಯಷ್ಟು ಶುದ್ಧವಲ್ಲ, ಬಿಸಿಲಿನಲ್ಲಿ ಪ್ರಖರತೆಯೂ ಸಾಲದು.

ಇಂಡಿಕೇಟರ್ ತಂತಿಯಲ್ಲಿ ವಿದ್ಯುತ್ ಇರುವುದು ದೀಪ ಹೊತ್ತುವ ಕ್ಷಣಗಳಲ್ಲಿ ಮಾತ್ರ. ಅದನ್ನೇ ನಂಬಿದ ಕಂಟ್ರೋಲರ್, ಅಂದರೆ ಪಟ್ಟಿಯ ಓಟವನ್ನು ನಡೆಸುವ ಸಣ್ಣ ಸರ್ಕ್ಯೂಟ್, ಪ್ರತಿ ಮಿಣುಕಿಗೂ ಹೊಸದಾಗಿ ಎಚ್ಚರಗೊಳ್ಳಬೇಕು. ಆ ತಡದಲ್ಲಿ ಮುಂಭಾಗದ ಓಟಕ್ಕೂ ಹಿಂಬದಿಯ ಬಲ್ಬಿಗೂ ತಾಳ ತಪ್ಪುತ್ತದೆ. ಆದ್ದರಿಂದ ಕಂಟ್ರೋಲರಿಗೆ ಬೇರೆ ತಂತಿಯಿಂದ ನಿರಂತರ ವಿದ್ಯುತ್ ಕೊಟ್ಟು, ಇಂಡಿಕೇಟರ್ ತಂತಿಯನ್ನು ಸೂಚನೆಗಷ್ಟೇ ಬಳಸುವುದು ಸರಿಯಾದ ಕ್ರಮ. 21 ವ್ಯಾಟ್ ಬಲ್ಬಿನ ಜಾಗಕ್ಕೆ ನಾಲ್ಕೈದು ವ್ಯಾಟಿನ ಎಲ್‌ಇಡಿ ಬಂದರೆ ಅನೇಕ ಕಾರುಗಳ ಫ್ಲ್ಯಾಶರ್ ಬಲ್ಬು ಹೋಗಿದೆಯೆಂದು ತಿಳಿದು ಅವಸರದಲ್ಲಿ ಮಿನುಗುತ್ತದೆ. ಅದಕ್ಕೆ ಬಲ್ಬಿನಷ್ಟೇ ಕರೆಂಟ್ ಎಳೆಯಲೆಂದು 6 ಓಮ್ ರೆಸಿಸ್ಟರ್ ಹಾಕುವ ರೂಢಿಯಿದೆ. ಅದು ದೀಪ ಹೊತ್ತಿದಷ್ಟೂ ಹೊತ್ತು 24 ವ್ಯಾಟ್ ಶಾಖ ಕಾರುತ್ತದೆ, ಪ್ಲಾಸ್ಟಿಕ್ಕಿಗೆ ತಾಗಿಸಿ ಕಟ್ಟಿದರೆ ಸುಡುತ್ತದೆ. ಎಲ್‌ಇಡಿಗೆಂದೇ ಮಾಡಿದ ಫ್ಲ್ಯಾಶರ್ ಹೊಂದುವ ಕಾರಾದರೆ ಅದೇ ಲೇಸು.

ಬಣ್ಣದ ವಿಷಯದಲ್ಲಿ ರಿಯಾಯಿತಿ ಬೇಡ. ಅಮೆರಿಕದಲ್ಲಿ ಹಿಂಬದಿಯ ಇಂಡಿಕೇಟರ್ ಕೆಂಪಾಗಿರಲೂ ಅವಕಾಶವಿದೆ. ಅಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ, ತಿರುಗುವ ಅಥವಾ ಪಥ ಬದಲಿಸುವ ವಾಹನಕ್ಕೆ ಹಿಂದಿನಿಂದ ಡಿಕ್ಕಿಯಾಗುವ ಪ್ರಕರಣಗಳು ಕಿತ್ತಳೆ ದೀಪವಿದ್ದಲ್ಲಿ 5.3 ಶೇಕಡಾ ಕಡಿಮೆ. ನೀಲಿ, ನೇರಳೆ ಬೆಳಕಿನ ಓಟ ಹಾಕಿಸಿಕೊಂಡವರು ಈ ಲಾಭವನ್ನೂ ಕಾನೂನನ್ನೂ ಒಟ್ಟಿಗೆ ಬಿಟ್ಟುಕೊಟ್ಟಿರುತ್ತಾರೆ.

ಈಗಾಗಲೇ ಹಾಕಿಸಿಕೊಂಡವರು ಮನೆಯ ಮುಂದೆಯೇ ಪರೀಕ್ಷಿಸಬಹುದು. 15 ಸೆಕೆಂಡಿನಲ್ಲಿ ಮಿಣುಕುಗಳನ್ನು ಎಣಿಸಿದರೆ 15ರಿಂದ 30ರೊಳಗೆ ಇರಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ ಇಪ್ಪತ್ತು ಹೆಜ್ಜೆ ದೂರದಿಂದ, ಹೆಡ್‌ಲೈಟ್ ಉರಿಯುತ್ತಿರುವಾಗಲೂ ಓಟ ಕಾಣಬೇಕು. ಹೊರಬದಿಗೆ ಸರಿದು ಓರೆಯಾಗಿ ನಿಂತರೂ ಕಾಣಬೇಕು. ಇಂಡಿಕೇಟರ್ ಓಡುವಾಗ ಅದರ ಪಕ್ಕದ ಬಿಳಿ ಹಗಲುದೀಪ (ಹಗಲಲ್ಲೂ ಉರಿಯುವ ಮುಂದೀಪ) ಆರಿರಬೇಕು ಅಥವಾ ಮಂದವಾಗಿರಬೇಕು. ಓಟದ ವೇಗ ಅಳೆಯಲು ಮೊಬೈಲಿನ ನಿಧಾನಗತಿ ವಿಡಿಯೋ ಸಾಕು: ಸೆಕೆಂಡಿಗೆ 240 ಫ್ರೇಮ್ ಹಿಡಿಯುವ ಕ್ಯಾಮೆರಾದಲ್ಲಿ ಮೊದಲ ಎಲ್‌ಇಡಿ ಹೊತ್ತಿದಲ್ಲಿಂದ ಕೊನೆಯದು ಹೊತ್ತುವವರೆಗೆ 48ಕ್ಕಿಂತ ಹೆಚ್ಚು ಫ್ರೇಮ್ ದಾಟಿದ್ದರೆ ಕಂಟ್ರೋಲರಿನ ಪ್ರೋಗ್ರಾಂ ತಿದ್ದಿಸಬೇಕು.