ಪುಸ್ತಕ ಹುಡುಕುವ ಪಾಠದಿಂದ ಮಾಹಿತಿ ಅಳೆಯುವ ಪಾಠದವರೆಗೆ

ಗ್ರಂಥಾಲಯದ ಅವಧಿಯಲ್ಲಿ ಮಕ್ಕಳಿಗೆ ಏನನ್ನು ಕಲಿಸಬೇಕು? ಅಮೆರಿಕದ ಶಾಲೆಗಳಲ್ಲಿ ಇದಕ್ಕೆ ಬಹಳ ಕಾಲ ಇದ್ದ ಉತ್ತರ, ಪುಸ್ತಕ ಹುಡುಕುವುದನ್ನು. ಲೇಖಕ, ಶೀರ್ಷಿಕೆ, ವಿಷಯ ಎಂಬ ಮೂರು ಬಗೆಯ ಕ್ಯಾಟಲಾಗ್ ಕಾರ್ಡುಗಳು, ಪುಸ್ತಕಗಳನ್ನು ವಿಷಯವಾರು ಜೋಡಿಸುವ ಡ್ಯೂಯಿ ದಶಮಾಂಶ ಸಂಖ್ಯೆ, ವಿಶ್ವಕೋಶದ ಸೂಚಿ, ಇಷ್ಟೇ ಪಾಠ. 1965ರ ಶಿಕ್ಷಣ ಕಾಯ್ದೆಯಡಿ ಶಾಲಾ ಗ್ರಂಥಾಲಯಗಳ ಪುಸ್ತಕ ಖರೀದಿಗೆ ಕೇಂದ್ರದ ಹಣ ಹರಿದುಬಂತು. ಕಪಾಟುಗಳು ತುಂಬಿದರೂ, ಸಿಕ್ಕ ಪುಸ್ತಕವನ್ನು ಏನು ಮಾಡಬೇಕೆಂಬ ಪ್ರಶ್ನೆ ಹಾಗೇ ಉಳಿಯಿತು.

‘ಮಾಹಿತಿ ಸಾಕ್ಷರತೆ’ ಎಂಬ ಪರಿಕಲ್ಪನೆಯನ್ನು 1974ರಲ್ಲಿ ಮುಂದಿಟ್ಟವರು ಪಾಲ್ ಜುರ್ಕೋವ್‌ಸ್ಕಿ. ಅವರು ಶಿಕ್ಷಕರಲ್ಲ, ಮಾಹಿತಿ ಉದ್ಯಮಗಳ ಸಂಘದ ಅಧ್ಯಕ್ಷರು. ಅವರ ಕಣ್ಣ ಮುಂದಿದ್ದವರು ದುಡಿಯುವ ಜನ. 1984ರೊಳಗೆ ಎಲ್ಲರಿಗೂ ಇದನ್ನು ಕಲಿಸಬೇಕೆಂದು ಅವರು ಸರ್ಕಾರಿ ಆಯೋಗಕ್ಕೆ ಸೂಚಿಸಿದ್ದರು. ಅಮೆರಿಕನ್ ಗ್ರಂಥಾಲಯ ಸಂಘದ ಸಮಿತಿ 1989ರಲ್ಲಿ ಇದನ್ನು ಶಿಕ್ಷಣದ ಮಾತಾಗಿಸಿತು: ಮಾಹಿತಿ ಬೇಕಾಗಿದೆ ಎಂದು ಗುರುತಿಸುವುದು, ಹುಡುಕುವುದು, ತೂಗಿ ನೋಡುವುದು, ಬಳಸುವುದು.

ಇದೇ ಹೊತ್ತಿಗೆ ಗ್ರಂಥಾಲಯ ಶಿಕ್ಷಣ ತಜ್ಞರಾದ ಮೈಕ್ ಐಸೆನ್‌ಬರ್ಗ್ ಮತ್ತು ಬಾಬ್ ಬರ್ಕೊವಿಟ್ಜ್ ‘ಬಿಗ್ ಸಿಕ್ಸ್’ ಎಂಬ ಆರು ಹೆಜ್ಜೆ ರೂಪಿಸಿದರು: ಕೆಲಸವೇನೆಂದು ನಿರ್ಧರಿಸುವುದು, ಯಾವ ಮೂಲ ನೋಡಬೇಕೆಂದು ಯೋಚಿಸುವುದು, ಅದನ್ನು ಪತ್ತೆ ಮಾಡುವುದು, ಓದಿ ಬೇಕಾದ್ದನ್ನು ತೆಗೆಯುವುದು, ಜೋಡಿಸುವುದು, ಕೊನೆಗೆ ಪರಿಶೀಲಿಸುವುದು. ಹಳೆಯ ಗ್ರಂಥಾಲಯ ಪಾಠವೆಲ್ಲ ಇದರ ಮೂರನೆಯ ಹೆಜ್ಜೆಯೊಂದರಲ್ಲೇ ಅಡಗಿತ್ತು.

ಶಾಲೆಗೆ ಹೆಚ್ಚು ನೆರವಾದದ್ದು ಅಮೆರಿಕದ ಗ್ರಂಥಾಲಯ ವಿಜ್ಞಾನ ಸಂಶೋಧಕಿ ಕ್ಯಾರಲ್ ಕುಲ್ತೌ ಅವರ ಸಂಶೋಧನೆ ಎಂಬುದು ನನ್ನ ಅಭಿಪ್ರಾಯ. 1980ರ ದಶಕದಲ್ಲಿ ಪ್ರೌಢಶಾಲಾ ವಿದ್ಯಾರ್ಥಿಗಳು ಪ್ರಬಂಧಕ್ಕೆ ಸಿದ್ಧವಾಗುವುದನ್ನು ಗಮನಿಸಿದ ಅವರಿಗೆ ಕಂಡದ್ದು ಇದು: ವಿಷಯ ಆರಿಸಿಕೊಂಡಾಗ ಬಂದ ಧೈರ್ಯ, ಓದಲು ತೊಡಗಿದ ಮೇಲೆ ಕುಸಿಯುತ್ತದೆ. ಒಂದು ಪುಸ್ತಕದ ಮಾತಿಗೆ ಇನ್ನೊಂದು ಹೊಂದುವುದಿಲ್ಲ, ಗೊಂದಲ ಹೆಚ್ಚುತ್ತದೆ. ತನ್ನದೇ ಪ್ರಶ್ನೆ ರೂಪುಗೊಂಡ ಮೇಲಷ್ಟೇ ದಾರಿ ತಿಳಿಯಾಗುತ್ತದೆ. ಮಕ್ಕಳು ಸಾಲುಸಾಲಾಗಿ ನಕಲು ಮಾಡಲು ಶುರುಮಾಡುವುದು ಬಹುಪಾಲು ಈ ಘಟ್ಟದಲ್ಲೇ. ಶಿಕ್ಷಕರೂ ಗ್ರಂಥಪಾಲಕರೂ ಜೊತೆಗಿರಬೇಕಾದದ್ದೂ ಆಗಲೇ. ನಮ್ಮಲ್ಲಿ ಪ್ರಾಜೆಕ್ಟ್ ವಿಷಯವನ್ನು ಬೋರ್ಡಿನ ಮೇಲೆ ಬರೆದು, ಹದಿನೈದು ದಿನ ಬಿಟ್ಟು ಫೈಲು ಕೇಳಿದರೆ ಆ ಘಟ್ಟದಲ್ಲಿ ಮಗು ಒಂಟಿ.

ಅಂತರಜಾಲ ಬಂದ ಮೇಲೆ ತೂಗಿ ನೋಡುವ ಹೆಜ್ಜೆ ಕಠಿಣವಾಯಿತು. ಪುಟದ ದಿನಾಂಕ, ಲೇಖಕ, ಉದ್ದೇಶ ಮುಂತಾದವನ್ನು ಪರೀಕ್ಷಿಸುವ ಪಟ್ಟಿಗಳು ಶಾಲೆಗಳಲ್ಲಿ ಹರಡಿದವು. ಅವು ಎಲ್ಲಿ ಸೋಲುತ್ತವೆಂದು ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ತೋರಿಸಿದರು. 10 ಇತಿಹಾಸಕಾರರು, 10 ವೃತ್ತಿಪರ ಸತ್ಯಶೋಧಕರು (ಸುದ್ದಿ, ಹೇಳಿಕೆಗಳು ನಿಜವೇ ಎಂದು ಪರೀಕ್ಷಿಸುವವರು), 25 ಕಾಲೇಜು ವಿದ್ಯಾರ್ಥಿಗಳಿಗೆ ಅವರು ಒಂದೇ ಬಗೆಯ ಜಾಲತಾಣಗಳನ್ನು ಕೊಟ್ಟರು. ವಿದ್ಯಾರ್ಥಿಗಳಷ್ಟೇ ಅಲ್ಲ, ಇತಿಹಾಸಕಾರರಲ್ಲೂ ಹಲವರು ಅಚ್ಚುಕಟ್ಟಾದ ಪುಟ, ಲಾಂಛನ, ಜಾಲತಾಣದ ವಿಳಾಸದ ಕೊನೆಯ ಅಕ್ಷರಗಳನ್ನು (‘.org’ನಂಥವು) ನಂಬಿ ಅಲ್ಲೇ ಓದುತ್ತ ಕುಳಿತರು. ಸತ್ಯಶೋಧಕರು ಬೇಗನೆ ಪುಟ ಬಿಟ್ಟು, ಪಕ್ಕದ ಟ್ಯಾಬ್‌ನಲ್ಲಿ ಆ ಸಂಸ್ಥೆಯ ಬಗ್ಗೆ ಬೇರೆಯವರು ಏನೆನ್ನುತ್ತಾರೆಂದು ನೋಡಿದರು. ವಂಚಿಸಲೆಂದೇ ಕಟ್ಟಿದ ಪುಟ ಪಟ್ಟಿಯ ಪ್ರಶ್ನೆಗಳಿಗೆಲ್ಲ ಸರಿಯಾದ ಉತ್ತರವನ್ನು ತಾನೇ ಒದಗಿಸಬಲ್ಲದು. 2023ರ ಜನವರಿಯಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಮಾಹಿತಿ ಸಾಕ್ಷರತೆಯನ್ನು ಎಲ್ಲ ತರಗತಿಗಳ ಪಠ್ಯಕ್ರಮಕ್ಕೆ ಸೇರಿಸುವ ಕಾನೂನು ಮಾಡಿತು. ಮಾನದಂಡ ರೂಪಿಸುವಲ್ಲಿ ಶಾಲಾ ಗ್ರಂಥಪಾಲಕರಿಗೂ ಪಾತ್ರ ಕೊಟ್ಟಿತು.

ನಮ್ಮ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ವಾರಕ್ಕೊಂದು ಗ್ರಂಥಾಲಯ ಅವಧಿಯನ್ನು ಸೂಚಿಸಿತ್ತು. ಅದನ್ನು ಸಮಾಜ ವಿಜ್ಞಾನದ ಒಂದು ಪ್ರಾಜೆಕ್ಟಿಗೆ ಜೋಡಿಸಿದರೆ ನಾಲ್ಕು ಅವಧಿಯಲ್ಲಿ ಮೊದಲ ಪಾಠ ಮುಗಿಯುತ್ತದೆ. ಬಿಡಿಯಾಗಿ ಕಲಿಸಿದ ಕೌಶಲ ಪರೀಕ್ಷೆ ಮುಗಿದೊಡನೆ ಮರೆತುಹೋಗುತ್ತದೆ. ‘ಬರ’ ಎಂಬ ವಿಷಯವನ್ನು ಮೊದಲ ಅವಧಿಯಲ್ಲಿ ‘ನಮ್ಮೂರ ಕೆರೆ ಯಾಕೆ ತುಂಬುತ್ತಿಲ್ಲ’ ಎಂಬಷ್ಟಕ್ಕೆ ಕಿರಿದುಮಾಡಿ. ಎರಡನೆಯದರಲ್ಲಿ ಹುಡುಕುಪದಗಳು: ಬರ, ಬರಗಾಲ, ಅನಾವೃಷ್ಟಿ, ಮಳೆ ಕೊರತೆ. ಕನ್ನಡದಲ್ಲಿ ಒಂದೇ ಪದ ಟೈಪಿಸಿ ‘ಏನೂ ಸಿಗಲಿಲ್ಲ’ ಎನ್ನುವುದು ಸಾಮಾನ್ಯ ತೊಡಕು. ವಿಭಕ್ತಿ ಬದಲಾದರೂ ಫಲಿತಾಂಶ ಬದಲಾಗಬಹುದು, ಹಾಗಾಗಿ ‘ಕೆರೆಗಳಲ್ಲಿ’ ಎಂಬುದರ ಜೊತೆ ‘ಕೆರೆ’ ಎಂದೂ ಹುಡುಕಿಸಿ. ಮೂರನೆಯದರಲ್ಲಿ ಜಿಲ್ಲಾ ಗೆಜೆಟಿಯರ್, ಒಂದು ಪತ್ರಿಕಾ ವರದಿ, ಒಂದು ಜಾಲತಾಣ, ಹೀಗೆ ಮೂರು ಮೂಲ ಓದಿಸಿ. ಒಂದು ಚೀಟಿಗೆ ಒಂದೇ ಅಂಶ, ಪುಸ್ತಕ ಮುಚ್ಚಿ ಸ್ವಂತ ಮಾತಿನಲ್ಲಿ, ಹಿಂಬದಿಯಲ್ಲಿ ಮೂಲ ಮತ್ತು ಪುಟಸಂಖ್ಯೆ. ಕೊನೆಯ ಅವಧಿ, ಮೂಲಗಳು ಎಲ್ಲಿ ಒಪ್ಪುವುದಿಲ್ಲ ಎಂಬ ಚರ್ಚೆಗೆ. ಅಂಕ ಕೊಡುವಾಗ ಚೀಟಿಗಳನ್ನೂ ಕೇಳಿ ಪಡೆಯಿರಿ, ಬರೀ ಅಂದದ ಫೈಲಿಗೆ ಅಂಕ ಬಿದ್ದರೆ ಮುಂದಿನ ಸಲ ಅದು ಝೆರಾಕ್ಸ್ ಅಂಗಡಿಯಲ್ಲೇ ತಯಾರಾಗುತ್ತದೆ.