ತಾಯಿ ಸೇದಿದ ಹೊಗೆ, ಮಗು ಬೆಳೆದ ಬಗೆ: 1958ರ ಒಂದು ವಾರದಿಂದ ನಮ್ಮ ಎಲೆ ಅಡಿಕೆ ಡಬ್ಬಿಯವರೆಗೆ

1958ರ ಮಾರ್ಚ್ 3ರಿಂದ 9. ಆ ಒಂದು ವಾರ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಹೆರಿಗೆ ಮಾಡಿಸುವ ಸೂಲಗಿತ್ತಿಯರ ಕೈಗೆ ಒಂದು ಫಾರಂ ಕೊಟ್ಟಿದ್ದರು. ಮನೆಯಲ್ಲಿ ಹೆತ್ತವರು, ಆಸ್ಪತ್ರೆಯಲ್ಲಿ ಹೆತ್ತವರು, ಯಾರನ್ನೂ ಬಿಡುವಂತಿಲ್ಲ. ಬಾಣಂತಿಯ ಪಕ್ಕ ಕೂತು ಕೇಳಿ ಬರೆದುಕೊಳ್ಳಬೇಕು. ವಯಸ್ಸೆಷ್ಟು, ಎಷ್ಟನೇ ಹೆರಿಗೆ, ಗಂಡನ ಕೆಲಸ ಏನು, ಮಗುವಿನ ತೂಕ ಎಷ್ಟು. ಅದರ ಜೊತೆಗೇ ಇನ್ನೊಂದು ಪ್ರಶ್ನೆ: ಸಿಗರೇಟು ಸೇದ್ತೀರಾ? ನಾಲ್ಕು ತಿಂಗಳು ತುಂಬಿದ ಮೇಲೂ ಸೇದ್ತಿದ್ರಾ? ದಿನಕ್ಕೆ ಎಷ್ಟು?

ಹುಟ್ಟುವಾಗ ಮತ್ತು ಹುಟ್ಟಿದ ಮೊದಲ ವಾರದಲ್ಲಿ ಕೂಸುಗಳು ಯಾಕೆ ಸಾಯುತ್ತವೆ ಅಂತ ತಿಳಿಯಲು ಮಾಡಿದ ಸಮೀಕ್ಷೆ ಅದು. ಸುಮಾರು 17 ಸಾವಿರ ಹೆರಿಗೆಗಳ ಲೆಕ್ಕ ಸಿಕ್ಕಿತು. ಬದುಕಿ ಬೆಳೆದ ಮಕ್ಕಳನ್ನು ಏಳನೇ ವಯಸ್ಸಿಗೆ ಒಮ್ಮೆ, ಹನ್ನೊಂದನೇ ವಯಸ್ಸಿಗೆ ಇನ್ನೊಮ್ಮೆ ಹುಡುಕಿಕೊಂಡು ಹೋದರು. ಎತ್ತರ ಅಳೆದರು. ಓದಿಸಿದರು. ಲೆಕ್ಕ ಮಾಡಿಸಿದರು. ಬಸುರಿ ಸಿಗರೇಟು ಸೇದಿದರೆ ಮಗುವಿಗೆ ಮುಂದೆ ಏನಾಗುತ್ತೆ ಅನ್ನುವ ಪ್ರಶ್ನೆಗೆ ಮೊದಲ ದೊಡ್ಡ ಉತ್ತರ ಸಿಕ್ಕಿದ್ದು ಈ ಮಕ್ಕಳಿಂದ.

ಅದಕ್ಕೂ ಮುಂಚೆ ಅನುಮಾನ ಇರಲಿಲ್ಲ ಅಂತಲ್ಲ. 1935ರಲ್ಲೇ ಅಮೆರಿಕದ ಒಹಾಯೊದಲ್ಲಿ ಸಾಂಟ್ಯಾಗ್ ಮತ್ತು ವ್ಯಾಲೇಸ್ ಎಂಬುವರು ಬಸುರಿಯ ಹೊಟ್ಟೆಯ ಮೇಲಿಂದ ಮಗುವಿನ ಎದೆಬಡಿತ ಎಣಿಸಿದ್ದರು. ತಾಯಿ ಸಿಗರೇಟು ಹಚ್ಚಿದ ಸ್ವಲ್ಪ ಹೊತ್ತಿಗೆ ಒಳಗಿನ ಬಡಿತ ಬದಲಾಗುತ್ತಿತ್ತು. 1957ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊ ಕೌಂಟಿಯಲ್ಲಿ ವಿನಿಯಾ ಸಿಂಪ್ಸನ್ ಆಸ್ಪತ್ರೆಗಳ ದಾಖಲೆ ಕೂಡಿಸಿ ನೋಡಿದರು. ಸೇದುವ ತಾಯಂದಿರಿಗೆ ದಿನ ತುಂಬದ, ತೂಕ ಕಡಿಮೆಯ ಮಕ್ಕಳು ಹೆಚ್ಚುಕಮ್ಮಿ ಎರಡು ಪಟ್ಟು ಜಾಸ್ತಿ ಹುಟ್ಟುತ್ತಿದ್ದರು. ಆದರೂ 1964ರ ಜನವರಿಯಲ್ಲಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಸರ್ಕಾರದ ಹಿರಿಯ ಆರೋಗ್ಯಾಧಿಕಾರಿ, ಲೂಥರ್ ಟೆರ್ರಿ ಸಿಗರೇಟಿನ ಬಗ್ಗೆ ತಂದ ಹೆಸರಾಂತ ವರದಿ ಈ ವಿಷಯದಲ್ಲಿ ಅಳೆದೂ ಸುರಿದೂ ಮಾತಾಡಿತು. ತೂಕ ಕಡಿಮೆಯಾಗುತ್ತೆ ನಿಜ, ಅದರಿಂದ ಮಗುವಿಗೆ ಕೆಡುಕಾಗುತ್ತೋ ಇಲ್ಲವೋ ಈಗಲೇ ಹೇಳಲಾಗದು ಅಂತ.

ಆ ಸಂದೇಹವನ್ನು ಸಿಗರೇಟು ಕಂಪನಿಗಳು ಚೆನ್ನಾಗಿಯೇ ಬಳಸಿಕೊಂಡವು. 1971ರ ಜನವರಿಯಲ್ಲಿ ಫಿಲಿಪ್ ಮಾರಿಸ್ ಕಂಪನಿಯ ಮುಖ್ಯಸ್ಥ ಜೋಸೆಫ್ ಕಲ್‌ಮನ್ ಟಿವಿ ಸಂದರ್ಶನಕ್ಕೆ ಬಂದಿದ್ದರು. ಸೇದುವವರ ಮಕ್ಕಳು ಚಿಕ್ಕದಾಗಿ ಹುಟ್ಟುತ್ತವೆ ಅನ್ನುವುದನ್ನು ಒಪ್ಪಿಕೊಂಡರು. ಆದರೆ ಅವು ಆರೋಗ್ಯವಾಗಿಯೇ ಇರುತ್ತವೆ, ಕೆಲವು ಹೆಂಗಸರಿಗೆ ಚಿಕ್ಕ ಮಗುವೇ ಇಷ್ಟ ಆದೀತು ಎಂಬರ್ಥದ ಮಾತು ಸೇರಿಸಿದರು. ಈ ಮಾತು ಈಗ ಓದಿದರೂ ನನಗೆ ಹೊಟ್ಟೆ ಉರಿಯುತ್ತೆ.

ಅದೇ ವರ್ಷ ಬರ್ಕ್ಲಿಯ ಸಂಖ್ಯಾಶಾಸ್ತ್ರಜ್ಞ ಜೇಕಬ್ ಯೆರುಶಾಲ್ಮಿ ಒಂದು ವಿಚಿತ್ರವನ್ನು ತೋರಿಸಿದರು. ತೂಕ ಕಡಿಮೆಯ ಮಕ್ಕಳನ್ನಷ್ಟೇ ತೆಗೆದುಕೊಂಡು ನೋಡಿದರೆ, ಸೇದುವ ತಾಯಂದಿರ ಕೂಸುಗಳೇ ಜಾಸ್ತಿ ಬದುಕಿ ಉಳಿಯುತ್ತಿದ್ದವು! ಹಾಗಾದರೆ ಸಿಗರೇಟು ಕಾಪಾಡುತ್ತಾ? ಇಲ್ಲ. ಸಿಗರೇಟು ಸೇದದ ತಾಯಿಗೂ ಪುಟಾಣಿ ಮಗು ಹುಟ್ಟಿದೆ ಅಂದರೆ, ಅದಕ್ಕೆ ಬೇರೇನೋ ಕಾರಣ ಇರಬೇಕು. ಹಲವು ಸಲ ಆ ಕಾರಣ ಹೊಗೆಗಿಂತ ಭೀಕರ. ಉದಾಹರಣೆಗೆ ಹುಟ್ಟಿನಿಂದಲೇ ಬಂದ ಅಂಗದೋಷ. ಹಾಗಾಗಿ ಆ ಗುಂಪಿನ ಮಕ್ಕಳು ಹೆಚ್ಚು ಸಾಯುತ್ತಾರೆ, ಅಷ್ಟೇ. ಕೇಳಿದರೆ ಸುಲಭ ಅನ್ನಿಸುತ್ತೆ ಅಲ್ವಾ? ಈ ಗಂಟನ್ನು ಸ್ಪಷ್ಟವಾಗಿ ಬಿಡಿಸಿದ ಪ್ರಬಂಧ ಬಂದಿದ್ದು 2006ರಲ್ಲಿ, 35 ವರ್ಷ ಆದ ಮೇಲೆ.

ಈಗ ಆ 17 ಸಾವಿರ ಹೆರಿಗೆಗಳ ಕಡೆ ಬರೋಣ. 1972ರಲ್ಲಿ ಮಕ್ಕಳ ವೈದ್ಯ ನೆವಿಲ್ ಬಟ್ಲರ್ ಮತ್ತು ಜೊತೆಗಾರರು ಲೆಕ್ಕ ಮುಂದಿಟ್ಟರು. ನಾಲ್ಕನೇ ತಿಂಗಳ ನಂತರವೂ ಸೇದಿದವರ ಮಕ್ಕಳು ಸರಾಸರಿ 170 ಗ್ರಾಂ ಹಗುರ. ಹುಟ್ಟಿನ ಆಸುಪಾಸಿನ ಸಾವು 28% ಹೆಚ್ಚು. ಅದರ ಜೊತೆ ಒಂದು ಸಮಾಧಾನದ ಸುದ್ದಿಯೂ ಇತ್ತು. ನಾಲ್ಕು ತಿಂಗಳು ತುಂಬುವಷ್ಟರಲ್ಲಿ ಬಿಟ್ಟವರಿಗೆ ಸೇದದವರಷ್ಟೇ ಅಪಾಯ.

ಮರುವರ್ಷ ಬಟ್ಲರ್ ಮತ್ತು ಹಾರ್ವೆ ಗೋಲ್ಡ್‌ಸ್ಟೀನ್ ಶಾಲೆಯ ವಯಸ್ಸಿನ ಲೆಕ್ಕ ಕೊಟ್ಟರು. ದಿನಕ್ಕೆ 10 ಅಥವಾ ಹೆಚ್ಚು ಸಿಗರೇಟು ಸೇದಿದ ತಾಯಂದಿರ ಮಕ್ಕಳು ಸುಮಾರು ಒಂದು ಸೆಂಟಿಮೀಟರ್ ಕುಳ್ಳ. ಓದು, ಲೆಕ್ಕ, ಸಾಮಾನ್ಯ ಸಾಮರ್ಥ್ಯದಲ್ಲಿ ಮೂರರಿಂದ ಐದು ತಿಂಗಳು ಹಿಂದೆ. ಮನೆಯ ಸ್ಥಿತಿಗತಿಯಂಥ ಬೇರೆ ಕಾರಣಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ಇಷ್ಟು ಉಳಿಯಿತು.

ದೇಹದೊಳಗೆ ಆಗುವುದೇನು? ಹೊಗೆಯ ಜೊತೆ ಕಾರ್ಬನ್ ಮಾನಾಕ್ಸೈಡ್ ರಕ್ತಕ್ಕೆ ಸೇರುತ್ತೆ. ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಕೂತುಬಿಡುತ್ತೆ. ಹೊಟ್ಟೆಯೊಳಗಿನ ಮಗುವಿನ ರಕ್ತ ಅದನ್ನು ತಾಯಿಯ ರಕ್ತಕ್ಕಿಂತಲೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತೆ. ನಿಕೋಟಿನ್ ಮಾಸನ್ನು ದಾಟಿ ಮಗುವನ್ನು ಮುಟ್ಟುತ್ತೆ. ಮಿದುಳಿನ ಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ಬಾಗಿಲುಗಳಲ್ಲಿ ಕೆಲವು ನಿಕೋಟಿನ್‌ಗೂ ತೆರೆಯುತ್ತವೆ. ಮಿದುಳು ಇನ್ನೂ ಕಟ್ಟುತ್ತಿರುವಾಗ ಹೊರಗಿನದೊಂದು ಬಂದು ಆ ಬಾಗಿಲು ತಟ್ಟುತ್ತಲೇ ಇದ್ದರೆ ಹೇಗೆ? ಪುಪ್ಪುಸ ಬೆಳೆಯುವುದಕ್ಕೂ ಅಡ್ಡಿ. ಹೀಗಾಗಿಯೇ ಇಂಥ ಮಕ್ಕಳಲ್ಲಿ ಉಬ್ಬಸ, ಗೊರಗೊರ ಉಸಿರು ಜಾಸ್ತಿ. ಮಲಗಿದ್ದಲ್ಲೇ ಕೂಸು ತಟ್ಟನೆ ತೀರಿಕೊಳ್ಳುವ ಅಪಾಯವೂ ಜಾಸ್ತಿ.

ತೂಕದ ವಿಷಯದಲ್ಲಿ ವಾದ ಮುಗಿಸಿದ್ದು 1984ರ ಮೇರಿಲ್ಯಾಂಡ್ ಪ್ರಯೋಗ. ಮೇರಿ ಸೆಕ್ಸ್‌ಟನ್ ಮತ್ತು ರಿಚರ್ಡ್ ಹೆಬೆಲ್ ಸೇದುವ 935 ಬಸುರಿಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬಿಡಲು ಬೆನ್ನ ಹಿಂದೆ ನಿಂತು ಸಹಾಯ ಮಾಡಿದರು. ಆ ಗುಂಪಿನ ಮಕ್ಕಳು ಸರಾಸರಿ 92 ಗ್ರಾಂ ಹೆಚ್ಚು ತೂಗಿದರು. ಬಿಟ್ಟರೆ ತೂಕ ಬರುತ್ತೆ. ಇನ್ನೇನು ಬೇಕು?

ಆದರೆ ಬುದ್ಧಿ ಮತ್ತು ನಡವಳಿಕೆಯ ಪ್ರಶ್ನೆ ಇಷ್ಟು ಸಲೀಸಾಗಿ ಬಗೆಹರಿಯಲಿಲ್ಲ. 1990ರ ದಶಕದಲ್ಲಿ ಚಂಚಲತೆ, ಅಂದರೆ ಎಡಿಎಚ್‌ಡಿ, ಸೇದುವ ತಾಯಂದಿರ ಮಕ್ಕಳಲ್ಲಿ ಹೆಚ್ಚು ಅಂತ ಒಂದರ ಮೇಲೊಂದು ಅಧ್ಯಯನ ಬಂತು. ತೊಡಕು ಏನೆಂದರೆ, ಬಸಿರಿನಲ್ಲೂ ಬಿಡಲಾಗದೆ ಸೇದುವ ಹೆಣ್ಣುಮಗಳ ಬದುಕೇ ಬೇರೆ. ಬಡತನ, ಒಂಟಿತನ, ಮನಸ್ಸಿನ ಬೇನೆ, ಕಡಿಮೆ ಓದು. ಅವಳಿಗೇ ಚಂಚಲತೆ ಇದ್ದರೆ ಅದು ರಕ್ತದಲ್ಲೇ ಮಗುವಿಗೂ ಬಂದಿರಬಹುದು. ಹೊಗೆಯ ಪಾಲು ಎಷ್ಟು, ಬದುಕಿನ ಪಾಲು ಎಷ್ಟು?

ಇದಕ್ಕೆ ಕಾರ್ಡಿಫ್‌ನ ಅನಿತಾ ಥಾಪರ್ ತಂಡ ಹುಡುಕಿದ ದಾರಿ ನನಗೆ ತುಂಬಾ ಹಿಡಿಸಿತು. ಬೇರೆಯವರ ಅಂಡಾಣುವಿನಿಂದ ಗರ್ಭ ಧರಿಸಿದ ತಾಯಂದಿರೂ ಇದ್ದಾರಲ್ಲ? ಅಲ್ಲಿ ಮಗು ಬೆಳೆಯುವುದು ಈ ತಾಯಿಯ ಹೊಟ್ಟೆಯಲ್ಲಿ, ಆದರೆ ವಂಶವಾಹಿ ಇವಳದ್ದಲ್ಲ. ಇಂಥವರನ್ನೂ, ತಮ್ಮದೇ ಅಂಡಾಣುವಿನಿಂದ ಹೆತ್ತವರನ್ನೂ ಹೋಲಿಸಿದರು. 2009ರಲ್ಲಿ ಬಂದ ಉತ್ತರ ಇದು: ಹೊಗೆಯಿಂದ ತೂಕ ಇಳಿಯುವುದು ಎರಡೂ ಕಡೆ ಕಂಡಿತು. ಚಂಚಲತೆಯ ನಂಟು ಗಟ್ಟಿಯಾಗಿ ಕಂಡಿದ್ದು ರಕ್ತಸಂಬಂಧ ಇದ್ದ ಕಡೆ. 2014ರಲ್ಲಿ ಸ್ವೀಡನ್ನಿನಲ್ಲಿ ಒಂದೇ ತಾಯಿಯ ಮಕ್ಕಳನ್ನು ಹೋಲಿಸಿದರು. ಒಂದು ಬಸಿರಿನಲ್ಲಿ ಸೇದಿದ್ದಳು, ಇನ್ನೊಂದರಲ್ಲಿ ಇಲ್ಲ. ಇಬ್ಬರ ನಡುವೆ ಎಡಿಎಚ್‌ಡಿಯ ವ್ಯತ್ಯಾಸ ಹೆಚ್ಚುಕಮ್ಮಿ ಮಾಯವಾಯಿತು.

ಇದನ್ನು ಹಿಡಿದುಕೊಂಡು ಸೇದಿದರೆ ಏನೂ ಆಗಲ್ಲ ಅನ್ನುವವರಿದ್ದಾರೆ. ಅದು ತಪ್ಪು. ಕುಗ್ಗಿದ ತೂಕ, ಬೇಗ ಆಗುವ ಹೆರಿಗೆ, ಸೊರಗಿದ ಪುಪ್ಪುಸ ಇವು ಎಲ್ಲ ಪರೀಕ್ಷೆಗೂ ನಿಂತ ಸತ್ಯ. ತೀರಾ ಬೇಗ ಹುಟ್ಟಿದ ಮಗುವಿಗೆ ಓದಿನಲ್ಲೂ ಕಷ್ಟ ಬರಬಹುದು. 2016ರಲ್ಲಿ 13 ಅಧ್ಯಯನಗಳ 6,685 ಕೂಸುಗಳ ರಕ್ತ ನೋಡಿದಾಗ, ತಾಯಿಯ ಹೊಗೆಯ ಗುರುತು ಡಿಎನ್‌ಎ ಮೇಲೆ ಸಾವಿರಾರು ಕಡೆ ಬಿದ್ದಿತ್ತು. ಕೆಲವು ಗುರುತು ಮಗು ದೊಡ್ಡದಾದ ಮೇಲೂ ಉಳಿದಿದ್ದವು. ಹಾಗಂತ ಶಾಲೆಯಲ್ಲಿ ಒಂದು ಹುಡುಗ ಕೂತಲ್ಲಿ ಕೂರದಿದ್ದರೆ ಅವನ ತಾಯಿಯ ಕಡೆ ಬೆರಳು ತೋರಿಸುವುದು ನ್ಯಾಯವಲ್ಲ. ಆ ಹೆಣ್ಣಿನ ಮೇಲೆ ಈಗಾಗಲೇ ಸಾಕಷ್ಟು ಹೊರೆ ಇದೆ.

ಇದೆಲ್ಲ ಅವರ ದೇಶದ ಮಾತು, ನಮ್ಮ ಹೆಂಗಸರು ಸಿಗರೇಟು ಮುಟ್ಟಲ್ಲ ಅನ್ನಬಹುದು. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಬೀಡಿ, ಸಿಗರೇಟು ಸೇದುವ ಹೆಂಗಸರು ಬರೀ 2%. ಆದರೆ ಅಗಿಯುವ, ಉಜ್ಜುವ ತಂಬಾಕು ಬಳಸುವವರು 12.8%. ಇನ್ನು ಮನೆಯೊಳಗೇ ಬೇರೆಯವರ ಹೊಗೆ ಕುಡಿಯುವವರು ವಯಸ್ಕರಲ್ಲಿ 38.7%. ಗಂಡ, ಮಾವ ಹಜಾರದಲ್ಲಿ ಕೂತು ಸೇದಿದರೆ ಅದು ಬಸುರಿಯ ಪಾಲಿಗೂ ಬರುತ್ತೆ.

2004ರಲ್ಲಿ ಪ್ರಕಾಶ್ ಗುಪ್ತಾ ಮತ್ತು ಎಸ್. ಶ್ರೀವಿದ್ಯಾ ಮುಂಬೈಯ 1,217 ಬಸುರಿಯರ ಅಧ್ಯಯನ ಪ್ರಕಟಿಸಿದರು. ಅಲ್ಲಿ ಹೊಗೆಯೇ ಇಲ್ಲ. ತಂಬಾಕು ಹುರಿದು ಪುಡಿ ಮಾಡಿ ಹಲ್ಲುಜ್ಜುವ ಮಿಶ್ರಿ ಇತ್ತು. ಆದರೂ ತಂಬಾಕು ಬಳಸಿದವರ ಮಕ್ಕಳು ಸರಾಸರಿ 105 ಗ್ರಾಂ ಹಗುರ. ಹೆರಿಗೆ ಆರು ದಿನ ಮೊದಲೇ. ಬೆಂಕಿ ಹಚ್ಚದಿದ್ದರೂ ತಂಬಾಕು ತಂಬಾಕೇ.

ನಮ್ಮ ಕಡೆ ಅದು ಎಲೆ ಅಡಿಕೆ ಡಬ್ಬಿಯಲ್ಲಿದೆ. ನಮ್ಮಜ್ಜಿ ಎಲೆಯ ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಸವರಿ, ಅಡಿಕೆ ಹೋಳಿಟ್ಟು ಮಡಚುತ್ತಿದ್ದಳು. ಅದು ಬಾಯಿಗೆ ಹೋದ ಮೇಲೆ ಹೊಗೆಸೊಪ್ಪು ಚಿವುಟಿ, ಅಂಗೈಯಲ್ಲಿ ತಿಕ್ಕಿ, ದವಡೆಗೆ ಇಟ್ಟುಕೊಳ್ಳುವಳು. ಬಸುರಿ ಸೊಸೆಗೂ ಒಂದು ಚಿಟಿಕೆ ಕೊಡುವಳು, ವಾಕರಿಕೆ ನಿಲ್ಲುತ್ತೆ ಅಂತ. ಪ್ರೀತಿಯಿಂದಲೇ ಕೊಡುತ್ತಿದ್ದಳು.

ಕೆಲವು ವರ್ಷದ ಹಿಂದೆ ನಮ್ಮ ಬೀದಿಯ ಹೆಣ್ಣುಮಗಳೊಬ್ಬಳ ಜೊತೆ ತಪಾಸಣೆಗೆ ಹೋಗಿದ್ದೆ. ಐದು ತಿಂಗಳು ಅವಳಿಗೆ. ತಾಯಿ ಕಾರ್ಡ್ ಬರೆಯುತ್ತಿದ್ದವರು ತಲೆ ಎತ್ತದೆ ಕೇಳಿದರು: "ಬೀಡಿ, ಸಿಗರೇಟು ಏನಾದ್ರೂ?"

"ಅಯ್ಯೋ, ಛೀ, ಇಲ್ಲ ಮೇಡಂ" ಅಂತ ಅವಳು ನಾಚಿ ನಕ್ಕಳು. ಸುಳ್ಳಲ್ಲ ಅದು. ವಾಪಸ್ ಬರುವಾಗ ಬಸ್ಸಿನಲ್ಲಿ ಸೆರಗಿನ ಗಂಟು ಬಿಚ್ಚಿ ಕಡ್ಡಿಪುಡಿ ಪೊಟ್ಟಣ ತೆಗೆದಳು. ದಿನಕ್ಕೆ ಎಷ್ಟು ಸಲ ಅಂತ ಕೇಳಿದೆ. ಬೆರಳು ಮಡಚಿ ಎಣಿಸಿದಳು. "ಎಂಟು ಸಲ ಆಗ್ಬೋದು ಅಕ್ಕ. ಯಾಕೆ, ಇದನ್ನೂ ಹೇಳಬೇಕಿತ್ತಾ?"