ಎಲ್‌ಇಡಿ ಹಾಕಿಸಿದರೂ ಕಟ್ಟಡದ ಕರೆಂಟ್ ಬಿಲ್ ಯಾಕೆ ಇಳಿಯಲಿಲ್ಲ?

ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿ ಎಂಟು ಮಹಡಿಯ ಕಚೇರಿ ಕಟ್ಟಡ, ಸುಮಾರು 10,000 ಚದರ ಮೀಟರ್. ಸೆಂಟ್ರಲ್ ಎಸಿ ಇದೆ. ವರ್ಷಕ್ಕೆ 12 ಲಕ್ಷ ಯೂನಿಟ್ ಖರ್ಚಾಗುತ್ತದೆ. 500 ಹಳೆಯ ಟ್ಯೂಬ್‌ಲೈಟ್ ತೆಗೆಸಿ ಎಲ್‌ಇಡಿ ಹಾಕಿಸಿದೆವು, ಆದರೂ ಬಿಲ್ಲಿನಲ್ಲಿ ವ್ಯತ್ಯಾಸವೇ ಕಾಣುತ್ತಿಲ್ಲ. ಮುಂದೆ ಏನನ್ನು ಬದಲಿಸಬೇಕು?

ಉತ್ತರ: ಸದ್ಯಕ್ಕೆ ಏನನ್ನೂ ಬದಲಿಸಬೇಡಿ. ಮೊದಲು ಅಳೆಯಿರಿ.

ಎಲ್‌ಇಡಿ ಮೋಸ ಮಾಡಿಲ್ಲ. ಚೋಕ್ ಸೇರಿ 50 ವ್ಯಾಟ್ ಎಳೆಯುತ್ತಿದ್ದ ಟ್ಯೂಬ್ ಈಗ 20 ವ್ಯಾಟಿಗೆ ಇಳಿದಿದೆ ಎಂದಿಟ್ಟುಕೊಳ್ಳಿ. 500 ಟ್ಯೂಬಿಗೆ 15 ಕಿಲೋವ್ಯಾಟ್. ದಿನಕ್ಕೆ 10 ಗಂಟೆ, ವರ್ಷಕ್ಕೆ 250 ದಿನ ಎಂದರೆ 37,500 ಯೂನಿಟ್ ಉಳಿಯಿತು. ನಿಮ್ಮ 12 ಲಕ್ಷದಲ್ಲಿ ಇದು ಶೇ 3 ಮಾತ್ರ. ಒಂದು ಬೇಸಿಗೆ ಸ್ವಲ್ಪ ಜೋರಾದರೂ ಸಾಕು, ಆ ಶೇ 3 ಕಣ್ಣಿಗೆ ಬೀಳುವುದಿಲ್ಲ. ಜೊತೆಗೆ ಎಚ್‌ಟಿ (ಹೆಚ್ಚಿನ ವೋಲ್ಟೇಜಿನ ಸಂಪರ್ಕದ) ಬಿಲ್ಲಿನಲ್ಲಿ ಯೂನಿಟ್ ಲೆಕ್ಕವಲ್ಲದೆ ಕೆವಿಎ ಬೇಡಿಕೆಯ, ಅಂದರೆ ಒಂದೇ ಹೊತ್ತಿಗೆ ಎಳೆದ ಗರಿಷ್ಠ ಲೋಡಿನ ಶುಲ್ಕವೂ ಇರುತ್ತದೆ. ಯೂನಿಟ್ ಇಳಿದ ಮಾತ್ರಕ್ಕೆ ಅದು ಇಳಿಯುವುದಿಲ್ಲ. ಆದ್ದರಿಂದ ರೂಪಾಯಿ ನೋಡಬೇಡಿ, ಯೂನಿಟ್ ನೋಡಿ.

12 ತಿಂಗಳ ಬಿಲ್ಲುಗಳ ಯೂನಿಟ್ ಕೂಡಿಸಿ, ಜನರೇಟರ್ ಕೊಟ್ಟ ಯೂನಿಟ್ಟನ್ನೂ ಸೇರಿಸಿ (ಇದನ್ನು ಬಹಳ ಮಂದಿ ಮರೆಯುತ್ತಾರೆ), ಬೇಸ್‌ಮೆಂಟ್ ಪಾರ್ಕಿಂಗ್ ಬಿಟ್ಟು ಉಳಿದ ವಿಸ್ತೀರ್ಣದಿಂದ ಭಾಗಿಸಿ. ಜನರೇಟರ್ 40,000 ಯೂನಿಟ್ ಕೊಟ್ಟಿದ್ದರೆ, ನೀವು ಹೇಳಿದ ವಿಸ್ತೀರ್ಣದಲ್ಲಿ ಪಾರ್ಕಿಂಗ್ ಸೇರಿಲ್ಲದಿದ್ದರೆ, ಚದರ ಮೀಟರಿಗೆ ವರ್ಷಕ್ಕೆ 124 ಯೂನಿಟ್ ಬರುತ್ತದೆ. ಇದಕ್ಕೆ ಇಪಿಐ ಎನ್ನುತ್ತಾರೆ. ಬಿಇಇ (ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ) ಕಚೇರಿ ಕಟ್ಟಡಗಳಿಗೆ ನಕ್ಷತ್ರ ಕೊಡುವುದೂ ಇದೇ ಅಂಕಿಯ ಮೇಲೆ. ಮೂರು ಪಾಳಿ ನಡೆಯುವ ಬಿಪಿಒ ಕಟ್ಟಡಗಳಿಗೆ ಮಾತ್ರ ಗಂಟೆ ಲೆಕ್ಕದ ಬೇರೆ ಅಳತೆ. ಪಕ್ಕದ ಕಟ್ಟಡದ ಜೊತೆ ಹೋಲಿಸುವುದಕ್ಕಿಂತ ನಿಮ್ಮದೇ ಹಿಂದಿನ ವರ್ಷದ ಜೊತೆ ಹೋಲಿಸುವುದು ಹೆಚ್ಚು ಉಪಯುಕ್ತ.

ಇಪಿಐ ಎಷ್ಟು ಎಂದು ಹೇಳುತ್ತದೆ, ಎಲ್ಲಿ ಎಂದು ಹೇಳುವುದಿಲ್ಲ. ಎಲ್ಲಿ ಎಂದು ತಿಳಿಯಲು ರಾತ್ರಿ ಎರಡು ಗಂಟೆಗೆ ಮುಖ್ಯ ಪ್ಯಾನೆಲ್ ಮುಂದೆ ನಿಂತು ಕಿಲೋವ್ಯಾಟ್ ಓದಿ. ಖಾಲಿ ಕಟ್ಟಡ 60 ಕಿಲೋವ್ಯಾಟ್ ಎಳೆಯುತ್ತಿದ್ದರೆ, ರಾತ್ರಿಯ 8 ಗಂಟೆಗಳಲ್ಲೇ ವರ್ಷಕ್ಕೆ 1,75,200 ಯೂನಿಟ್ ಹೋಗುತ್ತದೆ. ಎಲ್‌ಇಡಿ ಉಳಿಸಿದ್ದರ ನಾಲ್ಕೂವರೆ ಪಟ್ಟಿಗೂ ಹೆಚ್ಚು! ಶನಿವಾರ, ಭಾನುವಾರದ ಹಗಲು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ನಿಮ್ಮ ಎಚ್‌ಟಿ ಮೀಟರಿನೊಳಗೆ 15 ಅಥವಾ 30 ನಿಮಿಷಕ್ಕೊಂದರಂತೆ ಲೋಡ್ ದಾಖಲಾಗುತ್ತಿರುತ್ತದೆ. ಬೆಸ್ಕಾಂ ಕಚೇರಿಗೆ ಪತ್ರ ಬರೆದು ಆ ಲೋಡ್ ಸರ್ವೆ ಕೇಳಿ. ಸಿಕ್ಕರೆ ವಾರದ ಏಳೂ ರಾತ್ರಿಗಳು ಒಂದೇ ಹಾಳೆಯಲ್ಲಿ ಕಾಣುತ್ತವೆ.

ಆಮೇಲೆ ಎಲೆಕ್ಟ್ರಿಷಿಯನ್ ಜೊತೆ ಒಂದೊಂದೇ ಫೀಡರ್ (ಪ್ಯಾನೆಲ್‌ನಿಂದ ಹೊರಡುವ ಲೈನು) ಅಳೆಯುತ್ತಾ ಹೋಗಿ. ಆಂಪಿಯರ್ ಮಾತ್ರ ತೋರಿಸುವ ಕ್ಲಾಂಪ್ ಮೀಟರ್ ಬೇಡ, ಕಿಲೋವ್ಯಾಟ್ ತೋರಿಸುವುದನ್ನೇ ಬಳಸಿ. ಕಡಿಮೆ ಲೋಡಿನಲ್ಲಿ ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜಕ್ಕೂ ಕೆಲಸಕ್ಕೆ ಬರುವ ಪಾಲು) ಕುಸಿದಿರುವುದರಿಂದ ಆಂಪಿಯರ್ ಲೆಕ್ಕ ಹೆಚ್ಚು ತೋರಿಸುತ್ತದೆ. ಸಾಮಾನ್ಯವಾಗಿ ಸಿಕ್ಕಿಬೀಳುವುದು ಇವು: ಯಾವಾಗಲೋ ರಿಪೇರಿಗೆಂದು ಆಟೋದಿಂದ ಮ್ಯಾನುಯಲ್‌ಗೆ ತಿರುಗಿಸಿ ಹಾಗೆಯೇ ಬಿಟ್ಟ ಎಎಚ್‌ಯು (ಮಹಡಿಗೆ ತಂಪು ಗಾಳಿ ದೂಡುವ ಘಟಕ) ಫ್ಯಾನು, ಇಡೀ ರಾತ್ರಿ ತಿರುಗುವ ಬೇಸ್‌ಮೆಂಟ್ ಎಕ್ಸಾಸ್ಟ್, ಐದನೇ ಒಂದು ಭಾಗದ ಲೋಡಿಗೆ ಓಡುತ್ತಿರುವ ಎರಡೆರಡು ಯುಪಿಎಸ್, ಪ್ಯಾಂಟ್ರಿಯ ಬಿಸಿನೀರಿನ ಯಂತ್ರಗಳು. ಮೊದಲ ಎರಡಕ್ಕೆ ಒಂದು ಟೈಮರ್ ಸಾಕು. ಅಗ್ನಿಶಾಮಕ ಪಂಪು, ಸರ್ವರ್ ಕೋಣೆ, ಸಂಪಿನ ನೀರೆತ್ತುವ ಪಂಪುಗಳ ಫೀಡರ್ ಮಾತ್ರ ಮುಟ್ಟಬೇಡಿ.

ಕಾಯಂ ಸಬ್‌ಮೀಟರ್ ಹಾಕಿಸುವುದಾದರೆ ಚಿಲ್ಲರ್ (ಎಸಿಗೆ ನೀರು ತಣ್ಣಗಾಗಿಸುವ ಯಂತ್ರ), ಪಂಪು, ಎಎಚ್‌ಯು, ಯುಪಿಎಸ್, ಲೈಟಿಂಗ್ ಬೇರೆ ಬೇರೆ ಬರಲಿ. ಇಲ್ಲಿ ಆಗುವ ತಪ್ಪು ಮೀಟರಿನದ್ದಲ್ಲ, ಸಿಟಿ ಕಾಯಿಲಿನದ್ದು (ದೊಡ್ಡ ಕರೆಂಟನ್ನು ಮೀಟರಿಗೆ ತಕ್ಕಂತೆ ಇಳಿಸಿ ಕೊಡುವ ಕರೆಂಟ್ ಟ್ರಾನ್ಸ್‌ಫಾರ್ಮರ್). ಮೂರು ಫೇಸಿನಲ್ಲಿ ಒಂದು ಸಿಟಿ ತಿರುಗುಮುರುಗಾದರೆ, ಸಮತೋಲದ ಲೋಡಿನಲ್ಲಿ ಮೀಟರ್ ನಿಜದ ಮೂರನೇ ಒಂದು ಭಾಗವನ್ನಷ್ಟೇ ತೋರಿಸುತ್ತದೆ. 200/5 ಸಿಟಿಗೆ 100/5 ಎಂದು ನಮೂದಿಸಿದರೆ ಅರ್ಧ. ಎಲ್ಲ ಸಬ್‌ಮೀಟರುಗಳ ಮೊತ್ತ ಮುಖ್ಯ ಮೀಟರಿಗೆ ಶೇ 5ರೊಳಗೆ ಹೊಂದುವ ತನಕ ಆ ಅಂಕಿಗಳನ್ನು ನಂಬಬೇಡಿ.

ಹಗಲಿನ ದೊಡ್ಡ ಪಾಲು ಎಸಿಯದ್ದು. ಚಿಲ್ಲರ್ ಹಳೆಯದು, ಹೊಸದು ತನ್ನಿ ಎನ್ನುವವರ ಮಾತಿಗೆ ಮೊದಲು ಅದರ ದಕ್ಷತೆ ಅಳೆಯಿರಿ. ತಣ್ಣೀರಿನ ಹರಿವು ಸೆಕೆಂಡಿಗೆ 15 ಲೀಟರ್, ಹೋಗುವ ಮತ್ತು ಮರಳುವ ನೀರಿನ ನಡುವೆ 5 ಡಿಗ್ರಿ ಅಂತರ ಎಂದಾದರೆ 15 × 4.186 × 5, ಅಂದರೆ 314 ಕಿಲೋವ್ಯಾಟ್ ಶಾಖ. ಒಂದು ಟನ್ ತಂಪು ಎಂದರೆ 3.517 ಕಿಲೋವ್ಯಾಟ್ ಶಾಖ, ಅದರಿಂದ ಭಾಗಿಸಿದರೆ 89 ಟನ್. ಆಗ ಚಿಲ್ಲರ್ 80 ಕಿಲೋವ್ಯಾಟ್ ಎಳೆಯುತ್ತಿದ್ದರೆ ಟನ್ನಿಗೆ 0.9 ಕಿಲೋವ್ಯಾಟ್. ನೀರಿನಿಂದ ತಂಪಾಗುವ ಚಿಲ್ಲರಿಗೆ ಇದು ಹೆಚ್ಚೇ. ಒಳ್ಳೆಯ ಸ್ಥಿತಿಯಲ್ಲಿರುವುದು 0.6ರ ಆಸುಪಾಸಿನಲ್ಲಿರುತ್ತದೆ. ಆದರೂ ಯಂತ್ರವನ್ನು ಬೈಯುವ ಮೊದಲು ಕಂಡೆನ್ಸರ್ (ಚಿಲ್ಲರಿನ ಶಾಖವನ್ನು ಹೊರಹಾಕುವ ಭಾಗ) ಕೊಳವೆ ಬಿಚ್ಚಿ ನೋಡಿ. ನಮ್ಮೂರಿನ ಬೋರ್‌ವೆಲ್ ನೀರು ಗಡಸು, ಕೂಲಿಂಗ್ ಟವರಿನಲ್ಲಿ ಆವಿಯಾಗುತ್ತಾ ಇನ್ನಷ್ಟು ಗಡಸಾಗಿ ಒಳಗೆ ಸುಣ್ಣದ ಪದರ ಕಟ್ಟುತ್ತದೆ. ಕೊಳವೆ ಉಜ್ಜಿಸಿ, ನೀರು ಮೆದುವಾಗಿಸುವ ವ್ಯವಸ್ಥೆ ಸರಿಪಡಿಸಿ, ಮತ್ತೆ ಅಳೆಯಿರಿ. 5 ಡಿಗ್ರಿ ಇರಬೇಕಾದ ಅಂತರ 2ಕ್ಕೆ ಇಳಿದಿದ್ದರೆ ದೋಷ ಬೇರೆ: ಎಎಚ್‌ಯುಗಳ ವಾಲ್ವ್ ತೆರೆದೇ ಸಿಕ್ಕಿಕೊಂಡಿದೆ ಅಥವಾ ಅವುಗಳ ತಣ್ಣೀರಿನ ಕಾಯಿಲಿನಲ್ಲಿ ಧೂಳು ಕಟ್ಟಿದೆ, ಪಂಪು ಸುಮ್ಮನೆ ನೀರು ಸುತ್ತಿಸುತ್ತಿದೆ.

ಎಎಚ್‌ಯುಗಳಿಗೆ ವಿಎಫ್‌ಡಿ (ಫ್ಯಾನಿನ ವೇಗ ಏರಿಳಿಸುವ ಸಾಧನ) ಇದ್ದರೆ ಅದರ ಪರದೆ ಓದಿ. ದಿನವಿಡೀ 50 ಹರ್ಟ್ಸ್ ತೋರಿಸುತ್ತಿದ್ದರೆ ವಿಎಫ್‌ಡಿಗೆ ಕೊಟ್ಟ ದುಡ್ಡು ದಂಡ. 40ಕ್ಕೆ ಇಳಿಸಿದರೆ ಗಾಳಿ ಶೇ 20 ಕಡಿಮೆಯಾಗುತ್ತದೆ, ಫ್ಯಾನಿನ ಕರೆಂಟು ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದೇ ಫೀಡರಿನ ಮೀಟರಿನಲ್ಲಿ ಬದಲಾವಣೆಗೆ ಮೊದಲಿನ ಎರಡು ವಾರ ಮತ್ತು ನಂತರದ ಎರಡು ವಾರ ಹೋಲಿಸಿ. ಎಸಿಯ ವಿಷಯದಲ್ಲಾದರೆ ಏಪ್ರಿಲನ್ನು ಜುಲೈ ಜೊತೆ ಹೋಲಿಸಬೇಡಿ. ಹಿಂದಿನ ವರ್ಷದ ಏಪ್ರಿಲ್ ಜೊತೆಗೇ ಹೋಲಿಸಿ, ಆಗ ಎಷ್ಟು ಮಹಡಿಯಲ್ಲಿ ಜನರಿದ್ದರು ಎಂಬುದನ್ನೂ ಪಕ್ಕದಲ್ಲೇ ಬರೆದಿಡಿ.